ತೂತು ಬಿದ್ದ ಫೋಟೋಗಳ ಪೊನ್ನಳಗು

ಬೆಳಕು ಹರಿಯುವ ಮುಂಚೆಯೇ ತಮಿಳುನಾಡಿನ ತೂತ್ತುಕುಡಿ ಕರಾವಳಿಯ ಉವರ್ಪಟ್ಟಿಯ ಉಪ್ಪಿನ ಪಾತಿಗಳಲ್ಲಿ ಹೆಂಗಸರು ಸಾಲುಗಟ್ಟಿದ್ದಾರೆ. ಪೊನ್ನಳಗು ಉದ್ದ ಹಿಡಿಯ ಹಲಗೆಯಿಂದ ಉಪ್ಪನ್ನು ಬದುವಿಗೆ ಎಳೆಯುತ್ತಾರೆ. ಬಿರುಕು ಬಿಟ್ಟ ಪಾದಕ್ಕೆ ಉಪ್ಪುನೀರು ತಾಗಿದಾಗೊಮ್ಮೆ ಹಲ್ಲು ಕಚ್ಚುತ್ತಾರೆ. ಮಾತು ಮಾತ್ರ ನಿಲ್ಲುವುದಿಲ್ಲ.

“ಅಕ್ಕಾ, ನಿಮ್ಮತ್ತೆ ಪೆಟ್ಟಿಗೆ ತಳಕ್ಕೆ ಹಾಸಿದ್ರಲ್ಲ, ಆ ತೂತು ಫೋಟೋ, ಅದನ್ನ ಒಲೆಗೆ ಹಾಕ್ಲಿಲ್ಲ ತಾನೆ?”

ಪಕ್ಕದ ಪಾತಿಯಾಕೆ ನಗುತ್ತಾಳೆ. “ಊರಲ್ಲಿ ಹೆಂಗಸರು ಸೀರೆ ಕೇಳ್ತಾರೆ, ಒಡವೆ ಕೇಳ್ತಾರೆ. ಕಸ ಕೇಳೋಳು ನೀನೊಬ್ಳೇ.”

ಊರಿನ ಲೆಕ್ಕದಲ್ಲಿ ಅದು ಕಸವೇ. ಹಿಂದೆ ಇಲ್ಲಿ ಫೋಟೋ ಎಂದರೆ ಮದುವೆಗೋ ಸಂಘದ ಸಭೆಗೋ ತೆಗೆಸಿದ ಗುಂಪು ಚಿತ್ರ. ಯಾರಾದರೂ ತೀರಿಕೊಂಡರೆ ಪೇಟೆಯ ಸ್ಟುಡಿಯೋದವರು ಅದರಿಂದ ಮುಖವನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿ, ಚೌಕಟ್ಟು ಹಾಕಿ ಕೊಡುತ್ತಿದ್ದರು. ಮುಖಕ್ಕೆ ಹಾರ ಬೀಳುತ್ತಿತ್ತು; ಉಳಿದದ್ದು ಪೆಟ್ಟಿಗೆಯ ತಳಕ್ಕೋ ಸೂರಿನ ಸಂದಿಗೋ ಹೋಗುತ್ತಿತ್ತು.

ಪೊನ್ನಳಗು ಅವರ ತಾಯಿಯ ಮುಖವೂ ಹೀಗೆಯೇ ಗೋಡೆ ಏರಿತ್ತು. ಎಷ್ಟೋ ವರ್ಷಗಳ ಮೇಲೆ ಪೆಟ್ಟಿಗೆ ಕೊಡವುವಾಗ ಉಳಿದ ತುಂಡು ಸಿಕ್ಕಿತು. ಅದರಲ್ಲಿ ತಲೆಯಿಲ್ಲದ ಅಮ್ಮನ ಕೈ ಪುಟ್ಟ ಪೊನ್ನಳಗುವಿನ ಹೆಗಲ ಮೇಲಿತ್ತು. “ಅಷ್ಟು ವರ್ಷ ಮುಖಕ್ಕೆ ಕೈಮುಗ್ದೆ. ಆ ಕೈ ನನ್ನ ಮೇಲಿತ್ತು ಅನ್ನೋದೇ ಗೊತ್ತಿರ್ಲಿಲ್ಲ,” ಎನ್ನುವಾಗ ಅವರ ದನಿ ಇಳಿಯುತ್ತದೆ.

ಅಂದಿನಿಂದ ಅವರು ಊರಿನ ಮುಖಗಳನ್ನು ಮೈಗಳಿಗೆ ಸೇರಿಸುತ್ತಿದ್ದಾರೆ. ಹಾರ ಹಾಕಿದ ಚಿತ್ರವನ್ನು ಬೇಕೆಂದಾಗ ಗೋಡೆಯಿಂದ ಇಳಿಸುವಂತಿಲ್ಲ. ತೀರಿಕೊಂಡವರಿಗೆ ಎಲೆ ಹಾಕಿ ಎಡೆಯಿಡುವ ಆಡಿ ತಿಂಗಳ ಅಮಾವಾಸ್ಯೆಯಂದು ಮಾತ್ರ ಒರೆಸಲು ಇಳಿಸುತ್ತಾರೆ. ಅಂದು ಪೊನ್ನಳಗು ಕೂಲಿ ಬಿಟ್ಟು, ಮಗಳ ಹಳೆಯ ಫೋನು ಹಿಡಿದು ಮನೆಮನೆ ತಿರುಗುತ್ತಾರೆ. ಮುಖದ ಚಿತ್ರ ತೆಗೆದು, ಚಿಕ್ಕದಾಗಿ ಅಚ್ಚು ಹಾಕಿಸಿ, ತೂತಿನ ಹಿಂದೆ ಅಂಟಿಸುತ್ತಾರೆ. ಉಪ್ಪಿನ ಕೆಲಸಗಾರರ ಸಂಘದ ಕೊಠಡಿಯಲ್ಲಿ ಇಂಥ ಇನ್ನೂರು ಚಿತ್ರಗಳಾದರೂ ಇವೆ. ಜೊತೆಗೆ ಹಳೆಯ ಕೂಲಿಚೀಟಿ, ಪಡಿತರ ಚೀಟಿ, ಮುಷ್ಕರದ ಕರಪತ್ರ. “ಉಪ್ಪು ಎಲ್ರಿಗೂ ಬೇಕು. ಉಪ್ಪಿನೋರು ಯಾರಿಗೆ ಬೇಕು? ನಮ್ಮನ್ನ ನಾವೇ ಎತ್ತಿಟ್ಕೋಬೇಕು.”

ಈ ಕೆಲಸವೇ ಹೋದ ಬೇಸಿಗೆಯಲ್ಲಿ ಅವರನ್ನು ಸಂಕಟಕ್ಕೆ ತಳ್ಳಿತು. ಹಿಂದೆಂದೋ ನಡೆದ ಮುಷ್ಕರದ ದಿನ ಹೆಂಗಸರು ಸಾಲಾಗಿ ನಿಂತ ಫೋಟೋ. ಅದರ ತುದಿಯ ತೂತಿಗೆ, ಲಾರಿಗೆ ಉಪ್ಪು ತುಂಬುವ ಕೊಂಬಯ್ಯನ ಮನೆಯ ಹಾರದ ಮುಖ ಸರಿಯಾಗಿ ಕೂತಿತು. ಅದು ಅವನ ತಾಯಿ ಪೇಚ್ಚಿಯಮ್ಮ, ಅವನನ್ನು ಹೆತ್ತೊಡನೆ ಕಣ್ಣು ಮುಚ್ಚಿದವಳು ಎಂದೇ ಎಲ್ಲರೂ ತಿಳಿದಿದ್ದರು. ಆ ಸಾಲಿನಲ್ಲಿ ಇಂದು ಉಳಿದಿರುವವರು ಸೇರ್ಮಕ್ಕನಿ ಅಜ್ಜಿ ಒಬ್ಬರೇ. ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಅಜ್ಜಿ ಫೋಟೋ ನೋಡಿ ತಲೆಯಾಡಿಸಿದರು.

“ಇವಳು ವೇಲಮ್ಮ ಕಣೇ. ಮಕ್ಕಳಾಗ್ಲಿಲ್ಲ ಅಂತ ಗಂಡ ಬಿಟ್ಟಿದ್ನಲ್ಲ, ಅವಳು. ಪೇಚ್ಚಿ ಇಲ್ನೋಡು, ಆಚೆ ತುದೀಲಿ ನಗ್ತಾ ನಿಂತಿದಾಳೆ.”

ಕೊಂಬಯ್ಯ ತನ್ನ ಮದುವೆಗೆ ತಾಯಿಯ ಚಿತ್ರ ಬೇಕೆಂದಾಗ, ಅವನ ಸೋದರತ್ತೆ “ಬಲಗಡೆ ಕೊನೆಯವಳು” ಎಂದು ಹೇಳಿ ಕಳಿಸಿದ್ದಳು. ಅತ್ತೆಯೂ ಆ ಸಾಲಿನಲ್ಲಿ ನಿಂತಿದ್ದವಳೇ. ತನ್ನ ಬಲಗೈ ಲೆಕ್ಕ ಹೇಳಿದಳು. ಸ್ಟುಡಿಯೋದವನು ಫೋಟೋ ಎದುರಿಗಿಟ್ಟುಕೊಂಡು ತನ್ನ ಬಲಗೈ ಲೆಕ್ಕ ಹಿಡಿದ. ಉಪ್ಪಿನ ಬಿಳುಪಿಗೆ ಕಣ್ಣು ಕಳೆದುಕೊಂಡಿದ್ದ ಅತ್ತೆಗೆ ಮನೆಗೆ ಬಂದ ಮುಖ ಕಾಣಲಿಲ್ಲ. ಸ್ಟುಡಿಯೋದವರು ಒಡವೆ ತೊಡಿಸಿ, ಕಾಡಿಗೆ ತೀಡಿದ್ದರಿಂದ ಉಳಿದ ಹಿರಿಯರು ಸತ್ತವರ ಮುಖ ಹಾಗೇ ಎಂದು ಸುಮ್ಮನಾದರು.

ಪೊನ್ನಳಗುವಿಗೆ ಅನ್ನ ಸೇರಲಿಲ್ಲ. ಹೇಳಿದರೆ ಒಬ್ಬ ಮಗನ ಅಮ್ಮನನ್ನು ಗೋಡೆಯಿಂದ ಇಳಿಸಿದ ಪಾಪ. ಹೇಳದಿದ್ದರೆ ಹೆತ್ತವಳು ಅವನಿಗೆ ಎಂದೂ ಸಿಗುವುದಿಲ್ಲ. “ಸುಮ್ನಿರೇ,” ಎಂದರು ಅಜ್ಜಿ. “ಕಾಣದ ದೇವರಿಗೂ ಕೈಮುಗೀತೀವಿ. ಅವನ ಪಾಡಿಗೆ ಅವನನ್ನ ಬಿಡು.”

ಬಿಡಲಾಗಲಿಲ್ಲ. ಆಡಿ ಅಮಾವಾಸ್ಯೆಯ ಬೆಳಿಗ್ಗೆ ಕೊಂಬಯ್ಯ ಗಾಜು ಒರೆಸುತ್ತ ಕೂತಿದ್ದಾಗ ಹೋಗಿ, ಫೋಟೋ ಮುಂದಿಟ್ಟು ಎಲ್ಲ ಹೇಳಿದರು. ಅವನು ನಗುತ್ತಿದ್ದ ಪೇಚ್ಚಿಯನ್ನು ಬಹಳ ಹೊತ್ತು ನೋಡಿದ. “ನನ್ನ ಹಲ್ಲೇ, ಅಕ್ಕಾ,” ಎಂದ.

ಅವನ ಹೆಂಡತಿ ಚೌಕಟ್ಟನ್ನು ತೋರಿಸಿ ಮೆಲ್ಲಗೆ ಕೇಳಿದಳು, “ಹಂಗಾದ್ರೆ ಇದನ್ನೇನು ಮಾಡೋದು?”

“ಏನು ಮಾಡೋದು ಅಂದ್ರೆ? ನಮ್ಮ ಮದ್ವೇಲಿ ಕಾಲಿಗೆ ಬಿದ್ದಿದ್ದು ಇವಳಿಗೆ. ಮಗಳಿಗೆ ಜ್ವರ ಏರಿದಾಗ ಅತ್ತಿದ್ದು ಇವಳ ಮುಂದೆ. ಈಗ ಎಲ್ಲಿಗೆ ಕಳಿಸ್ಲಿ? ಹೋಗು, ಇನ್ನೊಂದು ಎಲೆ ಹಾಕು.”

ಸಂಘದ ಕೊಠಡಿಯಲ್ಲಿ ಪೊನ್ನಳಗು ಮುಷ್ಕರದ ಫೋಟೋ ಇಳಿಸಿ, ಹಿಂಬದಿ ತಿರುಗಿಸಿ ತೋರಿಸುತ್ತಾರೆ. ತೂತಿದ್ದ ಜಾಗದ ಹಿಂದೆ ಪೆನ್ಸಿಲಿನಲ್ಲಿ ಬರೆದಿದೆ: ವೇಲಮ್ಮ. ಮಗ ಕೊಂಬಯ್ಯ.

“ಸಂಘದೋರು ತಪ್ಪು ಅಂತಾರೆ, ಅಳಿಸು ಅಂತಾರೆ,” ಎಂದು ಫೋಟೋವನ್ನು ಮತ್ತೆ ಮೊಳೆಗೆ ಸಿಕ್ಕಿಸುತ್ತಾರೆ. “ನಾನು ಅಳಿಸಲ್ಲ.”