ಚಿಲ್ಲರಕ್ಕನ ಒಂಟಿ ನಾಣ್ಯ

ನಮ್ಮ ಬಸ್ ಡಿಪೋದಲ್ಲಿ ಆ ಕಂಡಕ್ಟರಮ್ಮನನ್ನು ಎಲ್ಲರೂ ಚಿಲ್ಲರಕ್ಕ ಎಂದೇ ಕರೆಯುತ್ತಿದ್ದರು. ಮುಷ್ಕರದಲ್ಲಿ ನಮ್ಮ ಜೊತೆ ಗೇಟಿಗೆ ಅಡ್ಡ ಮಲಗಿ ಸಸ್ಪೆಂಡ್ ಆಗಿ ಬಂದವಳು. ಇನ್ನೊಂದು ಮೆಮೊ ಬಂದರೆ ಕೆಲಸಕ್ಕೇ ಎಳ್ಳುನೀರು.

ಡ್ಯೂಟಿ ಹತ್ತುವ ಮುಂಚೆ ಸ್ವಂತ ದುಡ್ಡು ಎಷ್ಟಿದೆ ಎಂದು ಶೀಟಿನಲ್ಲಿ ಬರೆಯಬೇಕು. ತಪಾಸಣೆಯವರು ಹತ್ತಿದಾಗ ಬರೆದದ್ದಕ್ಕಿಂತ ಒಂದು ಕಾಸು ಹೆಚ್ಚಿದ್ದರೂ ಕಳ್ಳತನ. ಎಲ್ಲರೂ ಸೊನ್ನೆ ಬರೆದು ನಿಶ್ಚಿಂತರಾಗುತ್ತಿದ್ದರು. ಚಿಲ್ಲರಕ್ಕ ಮಾತ್ರ ದಿನವೂ ‘ಒಂದು ನಾಣ್ಯ’ ಎಂದು ಬರೆಯುವಳು. ಅದರಲ್ಲೇನು ಕಡಲೆ ತಿಂತೀಯಾ ಎಂದು ನಾವು ಆಡಿಕೊಂಡರೆ ನಗುವಳು.

ಅದು ಬ್ಯಾಗಿನ ಲೆಕ್ಕ ಕೆಡದಂತೆ ಅದಲುಬದಲು ಮಾಡಲು ಇಟ್ಟ ನಾಣ್ಯ. ಅವಳ ಸೋದರಮಾವ ಬೆಳ್ಳಿ ಕರಗಿಸುವ ಅಂಗಡಿಯಲ್ಲಿ ತಿದಿ ಒತ್ತಿದವನು. ಯಾವುದೋ ಅಜ್ಜಿಯ ಡಬ್ಬಿಯಿಂದ ಜಾರಿದ ಹಳೆಯ ಬೆಳ್ಳಿ ನಾಣ್ಯ, ಇವತ್ತಿನದರ ಅಳತೆಯದೇ ಆದ್ದರಿಂದ, ಚಿಲ್ಲರೆಯಲ್ಲಿ ಬೆರೆತುಹೋಗುತ್ತದೆ ಎಂದು ಅವನೇ ಹೇಳಿಕೊಟ್ಟಿದ್ದ. ಕಂಬಿಗೆ ತಟ್ಟಿದರೆ ಬೇರೆಯವು ಟಕ್ ಎಂದು ಸಾಯುತ್ತವೆ, ಬೆಳ್ಳಿ ಕಿಣ್ಣೆಂದು ಎಳೆಯುತ್ತದೆ. ಅಯಸ್ಕಾಂತಕ್ಕೆ ಅಂಟುವುದಿಲ್ಲ. ಸವೆದಿದ್ದರೆ ತೂಕದ ಬೆಲೆ. ಅಕ್ಷರ ಚೂಪಾಗಿದ್ದು ವರ್ಷ ಅಪರೂಪದ್ದಾದರೆ ಒಂದು ತಿಂಗಳ ಮನೆ ಬಾಡಿಗೆ. ಕೊಟ್ಟವರನ್ನು ಕರೆದು ಹಿಂತಿರುಗಿಸಲು ಅವಳೇನು ಹರಿಶ್ಚಂದ್ರನ ತಂಗಿಯಲ್ಲ.

ಡ್ಯೂಟಿ ಮುಗಿಸಿ ನಾನು ಅವಳ ಬಸ್ಸಿನಲ್ಲಿದ್ದ ಒಂದು ಮಧ್ಯಾಹ್ನ ಅಂಥದ್ದೊಂದು ಸಿಕ್ಕಿತು. ಕಂಬಿಗೆ ತಟ್ಟಿದಳು, ವರ್ಷ ನೋಡಿದಳು. ಮಾವ ಬಾಯಿಪಾಠ ಮಾಡಿಸಿದ್ದ ವರ್ಷಗಳಲ್ಲಿ ಅದೂ ಒಂದು. ತನ್ನ ನಾಣ್ಯವನ್ನು ಬ್ಯಾಗಿಗೆ ಹಾಕಿ ಅದನ್ನು ಮುಷ್ಟಿಯಲ್ಲಿ ಹಿಡಿದಳು. ಮುಂದಿನ ಸ್ಟಾಪಿನಲ್ಲೇ ತಪಾಸಣೆಯವನು ಹತ್ತಿದ.

ಟಿಕೆಟ್ ಲೆಕ್ಕ ಸರಿ ಇತ್ತು, ಬ್ಯಾಗೂ ಸರಿ ಇತ್ತು. ಕೈ ಬಿಚ್ಚಿಸಿದ. ನಾಣ್ಯ ತೆಗೆದುಕೊಂಡು ತಿರುಗಿಸಿ ನೋಡಿದ. ಅವನಿಗೂ ಕಣ್ಣಿತ್ತು. ಬಗ್ಗಿ ಮೆತ್ತಗೆ ಹೇಳಿದ್ದು ಹಿಂದಿನ ಸೀಟಿನಲ್ಲಿದ್ದ ನನಗೂ ಕೇಳಿಸಿತು.

“ಇದು ಬ್ಯಾಗಿಂದ ತೆಗೆದದ್ದು. ಬರೆದ್ರೆ ನಿನ್ನ ಕಥೆ ಮುಗೀತು. ನನ್ನ ಹತ್ರ ಬಿಡು, ನಾನೇನೂ ನೋಡಿಲ್ಲ.”

ಚಿಲ್ಲರಕ್ಕ ಅವನ ಬೆರಳಿನಿಂದ ನಾಣ್ಯ ಕಿತ್ತು ಬ್ಯಾಗಿಗೆ ಹಾಕಿದಳು, ಮಾಮೂಲಿ ನಾಣ್ಯವೊಂದನ್ನು ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು.

“ಈಗ ಎಣಿಸ್ಕೊಳ್ಳಿ ಸಾಹೇಬ್ರೆ. ಬ್ಯಾಗೂ ಸರಿ, ನಂದೂ ಸರಿ.”

ಅವನು ಇಳಿಯಲಿಲ್ಲ. ಪೆನ್ನನ್ನೂ ಜೇಬಿಗೆ ಹಾಕಲಿಲ್ಲ. ಡಿಪೋದ ಕ್ಯಾಷ್ ಕೌಂಟರಿನಲ್ಲಿ ಬ್ಯಾಗು ಸುರಿಯುವಾಗ ಬೆಳ್ಳಿಯದನ್ನು ಆರಿಸಿಕೊಳ್ಳುವುದು ಅವನ ಲೆಕ್ಕ. ಮೀನಿನ ಬುಟ್ಟಿ ಕಾಯುವ ಬೆಕ್ಕಿನ ಹಾಗೆ ಬಾಗಿಲಿಗೆ ಒರಗಿ ಬ್ಯಾಗನ್ನೇ ದಿಟ್ಟಿಸುತ್ತ ನಿಂತ.

ಮುಂದಿನ ಸ್ಟಾಪಿನಲ್ಲಿ ಇಟ್ಟಿಗೆ ಹೊರುವ ಹೆಂಗಸೊಬ್ಬಳು ಹತ್ತಿ ನೋಟು ಕೊಟ್ಟಳು. ಚಿಲ್ಲರಕ್ಕ ಟಿಕೆಟ್ ಹರಿದಳು, ಚಿಲ್ಲರೆ ಎಣಿಸಿದಳು, ಅದರಲ್ಲಿ ಆ ನಾಣ್ಯವನ್ನೂ ಸೇರಿಸಿ ಕೈಗಿಟ್ಟು ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

“ತಂಗಿ, ಈ ಕಪ್ಪಗಿರೋದು ಬೆಳ್ಳಿ. ಬೂದಿ ಹಾಕಿ ತಿಕ್ಕಬೇಡ, ಬೆಲೆ ಹೋಗುತ್ತೆ. ಬರೀ ತೂಕ ಹಾಕಿ ಬೆಲೆ ಹೇಳಿದ್ರೆ ಎದ್ದು ಬಾ, ಇನ್ನೊಂದು ಅಂಗಡೀಲಿ ಕೇಳು.”

ಚಿಲ್ಲರೆ ಕೊಡುವುದು ಕಂಡಕ್ಟರ್ ಕೆಲಸ. ಅದಕ್ಕೆ ಯಾವ ಮೆಮೊ? ಅವನು ಪೆನ್ನು ಸಿಕ್ಕಿಸಿಕೊಂಡು ಇಳಿದುಹೋದ.

ಡಿಪೋ ತನಕ ಅವಳು ಬಾಯಿಗೆ ಬಂದಂತೆ ಬೈದಳು: ಅವನನ್ನು, ತನ್ನನ್ನು, ಏನೂ ಅರಿಯದ ಆ ಹೆಂಗಸನ್ನೂ. ಒಂದು ತಿಂಗಳ ಬಾಡಿಗೆಯನ್ನು ಟಿಕೆಟ್ ಜೊತೆ ಹರಿದು ಕೊಟ್ಟೆ ಎಂದಳು. ಅವನಿಗೇ ಕೊಟ್ಟಿದ್ದರೆ ಸಾಹೇಬನ ಮೇಲೆ ನಿನ್ನ ಋಣವಾದರೂ ಇರುತ್ತಿತ್ತಲ್ಲ ಎಂದು ಡ್ರೈವರ್ ಕೇಳಿದ.

“ಇವತ್ತು ಕೊಟ್ಟಿದ್ರೆ ನಾಳೆಯಿಂದ ದಿನಾ ಹತ್ತೋನು, ಅಣ್ಣ.”