ಹುಡುಗಿಯರ ಹಾಸ್ಟೆಲಿನಲ್ಲಿ ಎರಡು ಸೈನ್ಯ

ಹುಡುಗಿಯರ ಹಾಸ್ಟೆಲಿನ ವಾರ್ಡನಮ್ಮ ಯಾವ ವಿಷಯದಲ್ಲೂ ತಟಸ್ಥಳಾಗಿ ಇದ್ದವಳಲ್ಲ. ಬೀದಿಯಲ್ಲಿ ಇಬ್ಬರು ಜಗಳವಾಡುತ್ತಿದ್ದರೆ ಸೈಕಲ್ ನಿಲ್ಲಿಸಿ, ಎರಡೂ ಕಡೆಯ ಮಾತು ಕೇಳಿ, ಯಾರದು ಸರಿ ಅನ್ನುವುದನ್ನು ಅಲ್ಲೇ ತೀರ್ಮಾನಿಸಿ, ಅವರ ಪರವಾಗಿ ತಾನೂ ನಾಲ್ಕು ಮಾತಾಡಿ ಮುಂದೆ ಹೋಗುವಳು. ಪಕ್ಕದ ಬೀದಿಯ ಗಂಡಹೆಂಡಿರು ಆಕೆಯ ಸೈಕಲ್ ಗಂಟೆ ಕೇಳಿದರೆ ಸಾಕು, ಕಿಟಕಿ ಮುಚ್ಚಿಕೊಂಡು ರಾಜಿಯಾಗಿಬಿಡುತ್ತಿದ್ದರು. ಅಂಥವಳ ಕೈಗೆ ದೇಶದ ತಟಸ್ಥ ನೀತಿಯನ್ನು ತಂದುಕೊಟ್ಟವನು ಅವಳ ಸ್ವಂತ ತಮ್ಮ.

ಅವಳಿಗೆ ವಕೀಲಳಾಗುವ ಆಸೆಯಿತ್ತು. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪ ತೀರಿಕೊಂಡ ಮೇಲೆ ಆ ಆಸೆಗೆ ಎಳ್ಳುನೀರು ಬಿಟ್ಟು, ತಮ್ಮನ ಓದು ಮುಗಿಯುವವರೆಗೆ ಅಂತ ಹಾಸ್ಟೆಲಿಗೆ ಸೇರಿದಳು. ತಮ್ಮ ಓದಿ, ಪೊಲೀಸ್ ಇಲಾಖೆ ಸೇರಿ, ಹೊಟ್ಟೆ ಬೆಳೆಸಿಕೊಂಡು ಇನ್‌ಸ್ಪೆಕ್ಟರ್ ಆದ. ಅಕ್ಕ ಹಾಸ್ಟೆಲಿನಲ್ಲೇ ಉಳಿದಳು. ಮುಂದಿನ ಬಾಗಿಲಿನ ಪಕ್ಕದ ಹಲಗೆಯ ಮೇಲೆ ಆಕೆಯ ಕಾನೂನುಗಳೆಲ್ಲ ಇದ್ದವು: ಸ್ನಾನ ಸರದಿಯ ಪ್ರಕಾರ, ಒದ್ದೆ ಬಟ್ಟೆ ಹಿತ್ತಲಿನಲ್ಲಿ ಮಾತ್ರ, ಕತ್ತಲಾಗುವ ಮೊದಲು ವಾಪಸ್ಸು. ಇಲ್ಲಿ ಓದಿ ಹೋದ ಹುಡುಗಿಯರು ಮದುವೆಯಾಗಿ ಮಗು ತೋರಿಸಲು ಬಂದಾಗಲೂ, ಹೊರಡುವಾಗ ಅಭ್ಯಾಸಬಲದಿಂದ, "ಹೊರಗೆ ಹೋಗ್ಬಹುದಾ ವಾರ್ಡನಮ್ಮಾ?" ಅಂತ ಕೇಳಿಯೇ ಹೋಗುತ್ತಿದ್ದರು.

ಬೆಟ್ಟದಾಚೆಯ ಎರಡು ದೇಶಗಳ ನಡುವೆ ಯುದ್ಧ ಶುರುವಾದ ವರ್ಷ ರಜೆಗೆ ಹೋದ ಹುಡುಗಿಯರು ಭಯಕ್ಕೆ ವಾಪಸ್ಸು ಬರದೆ ಹಾಸ್ಟೆಲ್ ಖಾಲಿ ಬಿದ್ದಿತ್ತು. ದಟ್ಟವಾದ ಮಂಜು ಕವಿದ ಒಂದು ಬೆಳಿಗ್ಗೆ, ಒಂದು ದೇಶದ ಬೂದು ಬಟ್ಟೆಯ ಸೈನಿಕರೂ ಇನ್ನೊಂದು ದೇಶದ ಹಸಿರು ಬಟ್ಟೆಯ ಸೈನಿಕರೂ ದಾರಿ ತಪ್ಪಿ, ಗಡಿ ದಾಟಿ, ಒಂದೇ ರಸ್ತೆಯ ಎರಡು ಬದಿಯಿಂದ ಇಳಿದು ಬಂದು ಒಂದು ಹಾಲಿನ ಲಾರಿಗೆ ಕೈ ಅಡ್ಡ ಹಾಕಿದರು. ಚಾಲಕನಿಗೆ ಜೀವ ಬಾಯಿಗೆ ಬಂತು. ಆದರೂ ಬುದ್ಧಿವಂತ. ಬೂದಿನವರನ್ನು ಮುಂದೆ, ಹಸಿರಿನವರನ್ನು ಹಿಂದೆ ಕೂರಿಸಿ, ನಡುವೆ ಹಾಲಿನ ಕ್ಯಾನುಗಳನ್ನು ಗೋಡೆಯಂತೆ ಪೇರಿಸಿ, ನೇರ ಪೊಲೀಸ್ ಠಾಣೆಗೆ ತಂದು ಇಳಿಸಿದ. ಠಾಣೆಯ ಲಾಕಪ್ಪಿನಲ್ಲಿ ನಾಲ್ಕು ಜನ ನಿಂತರೆ ಐದನೆಯವನಿಗೆ ಉಸಿರು ಕಟ್ಟುತ್ತಿತ್ತು. ಇನ್‌ಸ್ಪೆಕ್ಟರು ಟೋಪಿ ಕೈಯಲ್ಲಿ ಹಿಡಿದುಕೊಂಡು ಅಕ್ಕನ ಹತ್ತಿರ ಬಂದ.

"ಅಕ್ಕಾ, ನಾವು ಯಾರ ಕಡೆಯವರೂ ಅಲ್ಲ," ಅಂದ.

"ನೀನು ಹುಟ್ಟಿದಾಗಿನಿಂದ ಹಂಗೇ. ವಿಷಯ ಏನು ಹೇಳು."

"ನಾನಲ್ಲ, ನಮ್ಮ ದೇಶ. ಯುದ್ಧದಿಂದ ಈ ಕಡೆ ಬಂದವರ ಬಂದೂಕು ಇಸ್ಕೊಂಡು, ಯುದ್ಧ ಮುಗಿಯೋವರೆಗೂ ಅವರನ್ನ ನಾವು ಇಟ್ಕೋಬೇಕು. ವಾಪಸ್ ಬಿಟ್ರೆ ಒಂದು ಕಡೆಗೆ ಸೈನಿಕರನ್ನ ಸಪ್ಲೈ ಮಾಡ್ದಂಗೆ. ಊಟ, ಹಾಸಿಗೆ, ಔಷಧಿ ಎಲ್ಲಾ ನಮ್ದೇ. ಮರ್ಯಾದೆಯಿಂದ ನೋಡ್ಕೋಬೇಕು."

"ಮರ್ಯಾದೆ ಅಂದ್ರೆ?"

"ಹೊಡೀಬಾರ್ದು, ಅವಮಾನ ಮಾಡಬಾರ್ದು. ಊರಿನ ಜನಕ್ಕೆ ತೋರಿಸಿ ತಮಾಷೆ ಮಾಡಬಾರ್ದು. ಬೈಬಾರ್ದು."

"ಮೊದಲಿನ ಮೂರು ಆಗುತ್ತೆ," ಅಂದಳು ವಾರ್ಡನಮ್ಮ.

ಹೀಗೆ ಹುಡುಗಿಯರ ಹಾಸ್ಟೆಲಿಗೆ ಎರಡು ಸೈನ್ಯ ಬಂತು. ಮೀಸೆಯ ಗಂಡಸರು ಹೂವಿನ ಚಿತ್ರದ ಪರದೆಗಳ ಕೆಳಗೆ, ಕಾಲು ಚಾಚಿದರೆ ಹೊರಗೇ ಉಳಿಯುವ ಮಂಚಗಳ ಮೇಲೆ ಮಲಗಿದರು. ಮಹಡಿಯ ಎಡಗಡೆ ಬೂದು, ಬಲಗಡೆ ಹಸಿರು. ನಡುವಿನ ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಕಾನ್‌ಸ್ಟೇಬಲ್ಲು ತೂಕಡಿಸುತ್ತಿದ್ದ. ಹಲಗೆಯ ನಿಯಮಗಳಲ್ಲಿ ವಾರ್ಡನಮ್ಮ ಒಂದಕ್ಷರವನ್ನೂ ಬದಲಿಸಲಿಲ್ಲ. ಗಡಿಯ ಆಚೀಚೆ ಎಲ್ಲರ ಭಾಷೆಯೂ ಅರ್ಧಂಬರ್ಧ ಎಲ್ಲರಿಗೂ ಬರುತ್ತಿದ್ದುದರಿಂದ, ತಿಳಿಯಲಿಲ್ಲ ಅಂತ ನುಣುಚಿಕೊಳ್ಳಲು ಯಾರಿಗೂ ದಾರಿಯಿರಲಿಲ್ಲ. ಮೊನ್ನೆಯವರೆಗೆ ಒಬ್ಬರಿಗೊಬ್ಬರು ಗುರಿಯಿಟ್ಟಿದ್ದವರು ಈಗ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಸೋಪಿನ ಡಬ್ಬಿ ಹಿಡಿದು, ಒಂದೇ ಬಚ್ಚಲಿನ ಮುಂದೆ ಸರದಿಯಲ್ಲಿ ನಿಂತರು. "ಹಸಿರಿನವರು ಬಿಸಿನೀರೆಲ್ಲ ಖಾಲಿ ಮಾಡಿದರು" ಅಂತ ಬೂದಿನವರ ದೂರು. "ಬೂದಿನವರು ಒಳಗೆ ಹಾಡುತ್ತಾ ಕೂತುಬಿಡುತ್ತಾರೆ" ಅಂತ ಹಸಿರಿನವರ ದೂರು. ವಾರ್ಡನಮ್ಮನಿಗೆ ಇದೆಲ್ಲ ಹೊಸದಲ್ಲ. ಹೋದ ವರ್ಷ ಮಹಡಿಯ ಹುಡುಗಿಯರದೂ ಇದೇ ಗೋಳು.

ಬೂದಿನವರಿಗೆ ಒಬ್ಬ ಕ್ಯಾಪ್ಟನ್ ಇದ್ದ. ನೋಡಲು ಲಕ್ಷಣವಾಗಿದ್ದ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಂದ ದಿನವೇ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಆಯಾ, ಇದು ತಣ್ಣಗಿದೆ," ಅಂದ. ಆಯಾ ಅನ್ನಿಸಿಕೊಂಡ ವಾರ್ಡನಮ್ಮನ ಮುಖ ಬಿಸಿಯಾಯಿತು, ಸೂಪು ಆಗಲಿಲ್ಲ. ಹಸಿರಿನವರ ಮುಖ್ಯಸ್ಥ ಒಬ್ಬ ಸಾರ್ಜೆಂಟು, ಮೊದಲು ಶಾಲೆಯಲ್ಲಿ ಬಡಗಿ ಕೆಲಸ ಕಲಿಸುತ್ತಿದ್ದವನಂತೆ. ಯಾರೂ ಹೇಳದೆಯೇ ಅಲುಗಾಡುತ್ತಿದ್ದ ಊಟದ ಮೇಜನ್ನು ಸರಿಮಾಡಿಕೊಟ್ಟ. ಯುದ್ಧದಲ್ಲಿ ಸತ್ಯ ಯಾರ ಕಡೆ ಅನ್ನುವುದು ವಾರ್ಡನಮ್ಮನಿಗೆ ಅಲ್ಲಿಗೆ ಇತ್ಯರ್ಥವಾಯಿತು.

ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತಾ ಅಡುಗೆಯವಳು, "ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬಾರ್ದು," ಅಂದಳು.

"ಹೇಳು."

"ನಿಮ್ಮ ಸೌಟು ಹಸಿರಿನವರಿಗೆ ಬಡಿಸೋವಾಗ ತಳಕ್ಕೆ ಹೋಗುತ್ತೆ, ಆಲೂಗಡ್ಡೆ ಬರುತ್ತೆ. ಬೂದಿನವರಿಗೆ ಬಡಿಸೋವಾಗ ಮೇಲ್ಮೇಲೇ ತೇಲುತ್ತೆ, ಬರೀ ನೀರು."

ವಾರ್ಡನಮ್ಮ ಸುಳ್ಳು ಅಂದಳು. ರಾತ್ರಿ ಬಡಿಸುವಾಗ ತನ್ನ ಕೈಯನ್ನೇ ಬೇರೆಯವರ ಕೈ ನೋಡುವ ಹಾಗೆ ನೋಡಿದಳು. ಕ್ಯಾಪ್ಟನ್ನನ ಬಟ್ಟಲು ಬಂದಾಗ ಸೌಟು ನಿಜಕ್ಕೂ ನೀರಿನ ಮೇಲೆ ಹಂಸದಂತೆ ತೇಲಿತು. ನಾಚಿಕೆಯಿಂದ ಅವಳಿಗೆ ಊಟ ಸೇರಲಿಲ್ಲ. ಮರುದಿನದಿಂದ ಸೌಟನ್ನು ಅಡುಗೆಯವಳ ಕೈಗೆ ಕೊಟ್ಟು, ತಾನು ಬ್ರೆಡ್ಡು ಹಂಚಲು ನಿಂತಳು. ಬ್ರೆಡ್ಡಿಗೆ ತಳವಿರುವುದಿಲ್ಲ.

ಎರಡು ತಿಂಗಳು ಕಳೆದವು. ಆಲೂಗಡ್ಡೆ ಸರಿಯಾಗಿ ಸಿಕ್ಕ ಮೇಲೆ ಕ್ಯಾಪ್ಟನ್ನಿಗೆ ಹೊಟ್ಟೆ ಬಂದು, ಸೊಂಟದ ಪಟ್ಟಿಯನ್ನು ಒಂದೊಂದೇ ತೂತು ಸಡಿಲಿಸಿಕೊಳ್ಳುತ್ತಾ ಹೋದ. ಆಗ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದ. ಮೃದುವಾದ ಮಾತಿನ ಮನುಷ್ಯ, ಕುರ್ಚಿಯ ತುದಿಯಲ್ಲಷ್ಟೇ ಕೂರುವವನು.

"ನೋಡೀಮ್ಮಾ, ನಮ್ಮ ಮರಮುಟ್ಟೆಲ್ಲ ಕೊಳ್ಳೋದು ಬೂದು ದೇಶದವರು. ಆ ಕ್ಯಾಪ್ಟನ್ನನ ಸೋದರಮಾವ ಅಲ್ಲಿ ದೊಡ್ಡ ಜನರಲ್ಲು. ನಾವು ಅವನನ್ನ ಬಿಡೋ ಹಾಗಿಲ್ಲ, ನಿಜ. ಆದ್ರೆ ತಾನಾಗೇ ತಪ್ಪಿಸ್ಕೊಂಡ್ರೆ ಯಾರ ತಪ್ಪೂ ಅಲ್ಲ, ಅಲ್ವಾ?" ಅಂದು ಜೇಬಿನಿಂದ ಒಂದು ಸಿನಿಮಾ ಟಿಕೆಟ್ಟು ತೆಗೆದು ಮೇಜಿನ ಮೇಲಿಟ್ಟ. "ನಾಳೆ ಸಂಜೆ ಆಟಕ್ಕೆ ಹೋಗಿ ಬನ್ನಿ. ಒಳ್ಳೆ ಚಿತ್ರವಂತೆ."

ವಾರ್ಡನಮ್ಮ ತಮ್ಮನ ಹತ್ತಿರ ಹೋದಳು. ಅವನು ಅಡಕತ್ತರಿಯಲ್ಲಿ ಸಿಕ್ಕಿದವನಂತೆ ಒದ್ದಾಡಿದ.

"ಮೇಲಿನವರು ಹೇಳಿದ್ದಾರೆ ಅಕ್ಕಾ. ನಾಳೆ ಸಂಜೆ ಕಾನ್‌ಸ್ಟೇಬಲ್ಲನ್ನ ಬೇರೆ ಡ್ಯೂಟಿಗೆ ಹಾಕು ಅಂದಿದ್ದಾರೆ. ನಾನೇನು ಮಾಡ್ಲಿ?"

"ಕಾನೂನು ಹೇಳ್ಕೊಟ್ಟವನು ನೀನೇ ಅಲ್ವೇನೋ?"

"ನೀನು ಸಿನಿಮಾಕ್ಕೆ ಹೋಗು," ಅಂದ ತಮ್ಮ, ಅವಳ ಮುಖ ನೋಡದೆ.

ಅವಳು ಹೋದಳು ಕೂಡ. ಅದನ್ನು ಆಮೇಲೆ ಯಾರಿಂದಲೂ ಮುಚ್ಚಿಡಲಿಲ್ಲ. ಆ ಆಯಾ ಅಂದವನ ಪೀಡೆ ತೊಲಗಿದರೆ ತೊಲಗಲಿ ಅನ್ನುವ ಸಂತೋಷವೂ ಒಳಗೊಳಗೇ ಇತ್ತು. ತೆರೆಯ ಮೇಲೆ ನಾಯಕ ಹಾಡುತ್ತಿದ್ದ. ಅವಳ ಕಣ್ಣಿಗೆ ಮಾತ್ರ ಮೇಜಿನ ಕಾಲಿಗೆ ಮೊಳೆ ಹೊಡೆಯುವ ಸಾರ್ಜೆಂಟು ಕಾಣುತ್ತಿದ್ದ, ಬಚ್ಚಲಿನಲ್ಲಿ ಹಾಡುವ ಬೂದು ಬಟ್ಟೆಯವರೂ ಕಾಣುತ್ತಿದ್ದರು. ಇಲ್ಲಿಂದ ಹೋದವನು ಅಲ್ಲಿ ಮತ್ತೆ ಬಂದೂಕು ಹಿಡಿಯುತ್ತಾನೆ. ಸಾರ್ಜೆಂಟಿನಂಥವರಿಗೇ ಗುಂಡು ಹೊಡೆಯುತ್ತಾನೆ, ಹಾಡುವ ತನ್ನವರನ್ನೇ ಗುಂಡಿಗೆ ಎದುರು ನಿಲ್ಲಿಸುತ್ತಾನೆ. ಆ ಬಂದೂಕಿಗೆ ತಾನೂ ಒಂದು ಕೈ ಹಾಕಿದ ಹಾಗೆ. ಹಾಡು ಮುಗಿಯುವ ಮೊದಲೇ ಅವಳು ಸಾಲಿನಲ್ಲಿದ್ದವರ ಕಾಲು ತುಳಿಯುತ್ತಾ ಎದ್ದು ಹೊರಟಳು.

ಮುಂದಿನ ಬಾಗಿಲು ಬೀದಿಗೆಲ್ಲ ಕಾಣುತ್ತಿದ್ದುದರಿಂದ ಹಾಸ್ಟೆಲಿನಿಂದ ಕದ್ದು ಹೋಗಲು ಇದ್ದದ್ದು ಒಂದೇ ದಾರಿ: ಕೆಳಗಿನ ಬಚ್ಚಲುಮನೆಯ ಕಿಂಡಿ. ಹಿಂದಿನ ಓಣಿಗೆ ಬಂದು ನೋಡಿದರೆ ಕ್ಯಾಪ್ಟನ್ನು ಸೊಂಟದವರೆಗೆ ಹೊರಗಿದ್ದ, ಸೊಂಟದಿಂದಾಚೆ ಒಳಗಿದ್ದ. ಕಿಂಡಿ ಹುಡುಗಿಯರ ಅಳತೆಯದು. ಅಧಿಕಾರಿ ಕಾರಿನ ಬಾಗಿಲು ತೆರೆದಿಟ್ಟು, ಅವನ ಎರಡೂ ಕೈ ಹಿಡಿದು ಎಳೆಯುತ್ತಿದ್ದ. ಒಳಗೆ ಸ್ನಾನಕ್ಕೆ ಬಂದಿದ್ದ ಹಸಿರಿನವರು ಕಾಲುಗಳನ್ನು ಕಂಡು, ಹಿಡಿದು ಒಳಕ್ಕೆ ಎಳೆಯುತ್ತಿದ್ದರು.

"ಎಲ್ಲರೂ ಕೈ ಬಿಡಿ," ಅಂದಳು ವಾರ್ಡನಮ್ಮ. ಒಳಗಿನವರೂ ಹೊರಗಿನವನೂ ಒಟ್ಟಿಗೇ ಬಿಟ್ಟರು. ಕ್ಯಾಪ್ಟನ್ನು ಹಾಗೇ ತಕ್ಕಡಿಯಂತೆ ನಿಂತ.

"ಒಳಗೆ ಯಾರೂ ನಗಬಾರದು."

"ನಗ್ತಾ ಇಲ್ಲ ವಾರ್ಡನಮ್ಮಾ, ಕಣ್ಣಲ್ಲಿ ನೀರು ಬರ್ತಾ ಇದೆ," ಅಂತ ಗೋಡೆಯಾಚೆಯಿಂದ ಸಾರ್ಜೆಂಟಿನ ದನಿ ಬಂತು.

"ಅವರ ಬೂಟು, ಬೆಲ್ಟು ಮುಟ್ಟಬಾರದು. ಕಚಗುಳಿ ಇಡಬಾರದು." ಒಳಗೆ ಯಾರೋ ಕೈ ಹಿಂದೆಗೆದುಕೊಂಡ ಸದ್ದಾಯಿತು.

ಅಷ್ಟರಲ್ಲಿ ಸಿನಿಮಾ ಮಧ್ಯಂತರ ಬಿಟ್ಟಿತು. ಆಟದಿಂದ ಎದ್ದು ಓಡಿದ ವಾರ್ಡನಮ್ಮನನ್ನು ಕಂಡಿದ್ದ ಅರ್ಧ ಊರು, ಏನೋ ನಡೆದಿದೆ ಅಂತ ಓಣಿಗೆ ನುಗ್ಗಿತು. ಮುಂದೆ ಸ್ಟುಡಿಯೋದ ಫೋಟೋಗ್ರಾಫರು, ಕೊರಳಲ್ಲಿ ಕ್ಯಾಮೆರಾ. ಕ್ಯಾಪ್ಟನ್ನು ಅದನ್ನು ನೋಡಿದ. ಅವನ ಲಕ್ಷಣವಾದ ಮುಖ ಬಿಳಿಚಿಕೊಂಡಿತು, ಕಣ್ಣು ಮುಚ್ಚಿಕೊಂಡ. ಆ ಮುಖ ನೋಡಿ ವಾರ್ಡನಮ್ಮನಿಗೆ ಮೊದಲ ಸಲ ಅವನ ಮೇಲೆ ಕೋಪ ಬರಲಿಲ್ಲ. ಹಿತ್ತಲಿನ ತಂತಿಯ ಮೇಲಿದ್ದ ದುಪ್ಪಟಿಯನ್ನು ಸರಕ್ಕನೆ ಎಳೆದು ಅವನ ಮುಂದೆ ಅಡ್ಡ ಹಿಡಿದಳು.

"ನೀವು ಆ ತುದಿ ಹಿಡ್ಕೊಳ್ಳಿ," ಅಂದಳು ಅಧಿಕಾರಿಗೆ.

"ನಾನಾ?"

"ಬಿಟ್ರೆ ನಿಮ್ಮ ಕಾರೂ ಫೋಟೋದಲ್ಲಿ ಬರುತ್ತೆ."

ಅಧಿಕಾರಿ ಎರಡೂ ಕೈಯಿಂದ ಹಿಡಿದುಕೊಂಡ.

"ಏನದು ವಾರ್ಡನಮ್ಮಾ?" ಜನ ಕೇಳಿದರು.

"ದುಪ್ಪಟಿ ಒಣಗಿಸ್ತಿದ್ದೀವಿ."

"ಆ ಸಾಹೇಬರು ಯಾಕೆ ಹಿಡ್ಕೊಂಡಿದ್ದಾರೆ?"

"ಗಾಳಿ ಜಾಸ್ತಿ ಇದೆ."

ಗಾಳಿಯ ಸುಳಿವೂ ಇರಲಿಲ್ಲ. ಒದ್ದೆ ದುಪ್ಪಟಿ ಆಗ ಒಂದು ಸಲ ಜೋರಾಗಿ ಸೀನಿತು. ಅಧಿಕಾರಿ ತಾನೇ ಸೀನಿದವನಂತೆ ಮೂಗು ಉಜ್ಜಿಕೊಂಡ. ಫೋಟೋಗ್ರಾಫರು ಬಗ್ಗಿ ನೋಡಲು ಬಂದಾಗ ವಾರ್ಡನಮ್ಮ ಅವನ ಕಡೆ ಒಂದು ನೋಟ ಬೀರಿದಳು. ಅವನ ಹೆಂಡತಿ ಅದೇ ಹಾಸ್ಟೆಲಿನಲ್ಲಿ ಓದಿದವಳು, ಆ ನೋಟದ ಬಗ್ಗೆ ಅವನು ಕೇಳಿ ಬಲ್ಲ. ಕ್ಯಾಮೆರಾಕ್ಕೆ ಮುಚ್ಚಳ ಹಾಕಿದ.

ಸುದ್ದಿ ತಿಳಿದು ಇನ್‌ಸ್ಪೆಕ್ಟರು ಗಾರೆಯವನನ್ನು ಕರೆದುಕೊಂಡು ಬಂದ, ಜನರನ್ನು ಚದುರಿಸಿದ. ಗಾರೆಯವನು ಕಿಂಡಿಯ ಸುತ್ತ ಒಂದೆರಡು ಇಟ್ಟಿಗೆ ಸಡಿಲಿಸಿ, "ಈಗ ಯಾವ ಕಡೆಗಾದ್ರೂ ಬರ್ತಾರೆ. ಒಳಕ್ಕೋ, ಹೊರಕ್ಕೋ?" ಅಂತ ಕೇಳಿದ.

"ಹೊರಕ್ಕೆ," ಅಂದ ಅಧಿಕಾರಿ, ತಗ್ಗಿದ ದನಿಯಲ್ಲಿ.

ವಾರ್ಡನಮ್ಮ ತಮ್ಮನ ಮುಖವನ್ನೇ ನೋಡುತ್ತಾ ನಿಂತಳು. ದುಪ್ಪಟಿಯ ತುದಿ ಅವಳ ಕೈಯಲ್ಲೇ ಇತ್ತು. ಇನ್‌ಸ್ಪೆಕ್ಟರು ಟೋಪಿ ತೆಗೆದ, ಬೆವರು ಒರೆಸಿಕೊಂಡ, ಮತ್ತೆ ಟೋಪಿ ಹಾಕಿಕೊಂಡ.

"ಒಳಕ್ಕೆ," ಅಂದ.

ಬೆಳಿಗ್ಗೆ ಕ್ಯಾಪ್ಟನ್ನು ತಿಂಡಿಗೆ ಕೊನೆಯಲ್ಲಿ ಬಂದ. ಸಾರ್ಜೆಂಟು ಬೆಂಚಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದ. ಕ್ಯಾಪ್ಟನ್ನು ಕೂತು, ಬ್ರೆಡ್ಡು ಹಂಚುತ್ತಾ ಬಂದವಳನ್ನು ಕೇಳಿದ:

"ವಾರ್ಡನಮ್ಮಾ, ನಿನ್ನೆ ಅಷ್ಟು ಹೊತ್ತು ಮರೆ ಹಿಡಿದಿದ್ರಲ್ಲ. ಯಾಕೆ?"

"ನಿಮ್ಮ ಮೇಲಿನ ಪ್ರೀತಿಗಲ್ಲ."

"ಮತ್ತೆ?"

"ನಾಳೆ ಈ ಸಾರ್ಜೆಂಟು ಸಿಕ್ಕಿಹಾಕ್ಕೊಂಡ್ರೂ ಹಿಡೀಬೇಕಾಗುತ್ತಲ್ಲ, ಅದಕ್ಕೆ." ಬ್ರೆಡ್ಡು ಇಟ್ಟು ಮುಂದೆ ಹೋದಳು.

ಇನ್‌ಸ್ಪೆಕ್ಟರಿಗೆ ವರ್ಗಾವಣೆಯ ಆದೇಶ ಬಂತು, ಒಂದು ಕೆರೆದಂಡೆಯ ಠಾಣೆಗೆ. ಅಲ್ಲಿ ಅಪರಾಧಗಳಿಗಿಂತ ಮೀನು ಹೆಚ್ಚು. ಶಿಕ್ಷೆ ಅಂತ ಕಳಿಸಿದವರಿಗೆ ಅವನು ಮೀನು ಹಿಡಿಯುವ ಹುಚ್ಚಿನವನೆಂದು ಗೊತ್ತಿರಲಿಲ್ಲ. ಹೊರಡುವ ದಿನ ಅಕ್ಕನ ಹತ್ತಿರ ಬಂದು ಏನೋ ಹೇಳಲು ಹೋಗಿ, "ಚಳಿ ಇರುತ್ತಂತೆ ಅಲ್ಲಿ," ಅಂದ. ಅವಳು ಅವನ ಕೋಟಿನ ಗುಂಡಿ ಹಾಕಿ ಕಳಿಸಿದಳು.

ಯುದ್ಧ ಮುಂದಿನ ಬೇಸಿಗೆಗೆ ನಿಂತಿತು. ಎರಡು ಲಾರಿ ಬಂದವು, ಎರಡು ದಾರಿ ಹಿಡಿದು ಹೋದವು. ಹೋಗುವ ಮೊದಲು ಬೂದಿನವರೂ ಹಸಿರಿನವರೂ ಸಾಲಾಗಿ ಬಂದು, ಒಬ್ಬೊಬ್ಬರೇ ಕೈ ಕುಲುಕಿದರು. ಲಾರಿಗಳ ಧೂಳು ಅಡಗಿದ ಮೇಲೆ ವಾರ್ಡನಮ್ಮ ಮಹಡಿ ಹತ್ತಿ, ತಪ್ಪು ಹುಡುಕಲು ಕೋಣೆ ಕೋಣೆಗೂ ಹೋದಳು. ಹಾಸಿಗೆಗಳು ಅಚ್ಚುಕಟ್ಟಾಗಿದ್ದವು. ನೆಲ ಗುಡಿಸಿತ್ತು. ಬೈಯುವುದಕ್ಕೆ ಒಂದು ಎಳೆ ಕಸವೂ ಸಿಗಲಿಲ್ಲ. ಎಡಗಡೆಯ ಕೊನೆಯ ಕೋಣೆಯಲ್ಲಿ ಒಂದು ಮಂಚದ ಮೇಲೆ ಕೂತಳು. ಅಳು ಬಂತು. ಯಾವ ಕಡೆಯವರಿಗಾಗಿ ಅಂತ ಅವಳನ್ನು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಸಾಕಷ್ಟು ಅತ್ತಳು. ಕೆಳಗೆ ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದು, ಮೆಟ್ಟಿಲು ಹತ್ತಿಸುವುದು ತನ್ನ ಕೆಲಸವಲ್ಲ ಅಂತ ಅಡುಗೆಯವಳ ಜೊತೆ ವಾದಕ್ಕೆ ನಿಂತದ್ದು ಕೇಳಿಸಿತು. ವಾರ್ಡನಮ್ಮ ಮುಖ ಒರೆಸಿಕೊಂಡು, ಸೆರಗು ಸಿಕ್ಕಿಸಿಕೊಂಡು, ಎರಡೂ ಕಡೆಯ ಮಾತು ಕೇಳಲು ಕೆಳಗಿಳಿದಳು.