ಆಳಂದದ ಮಾಳಿಗೆಯ ಮೇಲೆ ಬಂದ ಜವಾಬು

ದೆವ್ವ, ಭೂತ, ಶಕುನಗಳ ಕಥೆ ಹೇಳುವವರಿಗೆ ನಾನು ಬಹಳ ಕೆಟ್ಟ ಶ್ರೋತೃ. ಅರ್ಧಕ್ಕೇ ತಡೆದು, ಆಗ ಕರೆಂಟ್ ಇತ್ತೇ, ನೀವು ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡಿದ್ದಿರೇ ಎಂದು ವಕೀಲರ ಹಾಗೆ ಪಾಟೀಸವಾಲು ಹಾಕುತ್ತೇನೆ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮೇಲೆ ಅದೇ ಅಭ್ಯಾಸವಾಗಿಬಿಟ್ಟಿದೆ. ಈಗ ಅಂಥದ್ದೇ ಒಂದು ಸಂಗತಿಯನ್ನು ನಾನೇ ಹೇಳಲು ಕೂತಿದ್ದೇನೆ. ನೀವೂ ಸವಾಲು ಹಾಕಬಹುದು.

ನನ್ನ ಊರು ಜೇವರ್ಗಿ ತಾಲ್ಲೂಕಿನ ಕೊಳಕೂರ. ಅಲ್ಲಿ ಅಣ್ಣ ಹೊಲ ಮಾಡಿಕೊಂಡಿದ್ದಾನೆ. ನನಗಿಂತ ನಾಲ್ಕು ವರ್ಷ ದೊಡ್ಡವನು, ಮಾತು ಕಡಿಮೆ. ನಾನು ಮದುವೆಯಾಗಲಿಲ್ಲ, ಓದು, ನೌಕರಿ, ವರ್ಗಾವಣೆ ಅಂತ ಊರೂರು ತಿರುಗಿ ಕಡೆಗೆ ಆಳಂದಕ್ಕೆ ಬಂದೆ. ನಾನು ಓದಲಿ ಎಂದು ತಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ಅವನು. ಅವನೊಬ್ಬನೇ ನನ್ನವನು ಎಂದು ಉಳಿದಿದ್ದ. ಇದು ನಡೆದಾಗ ಅವನೊಂದಿಗೂ ಮಾತು ನಿಂತು ಆರು ವರ್ಷವಾಗಿತ್ತು.

ತಪ್ಪು ನನ್ನದೇ. ಅವ್ವ ತೀರಿಕೊಂಡ ಮೂರನೇ ದಿನ ಕಾಗೆಗೆ ಎಡೆ ಇಟ್ಟಿದ್ದರು. ಕಾಗೆ ಬಂದು ಮುಟ್ಟಿದರೆ ಸತ್ತವರ ಆಸೆ ತೀರಿತು ಎಂದು ಲೆಕ್ಕ. ಅವತ್ತು ಎಷ್ಟು ಹೊತ್ತಾದರೂ ಕಾಗೆ ಬರಲಿಲ್ಲ. ಬಿಸಿಲಲ್ಲಿ ಮಂದಿಯೆಲ್ಲ ಕಾಯುತ್ತಿದ್ದರು. ಅಣ್ಣ ಎಡೆಯ ಮುಂದೆ ಕೈ ಮುಗಿದು ನಿಂತು, "ಯವ್ವಾ, ತಂಗೀನ ನಾ ನೋಡ್ಕೋತೀನಿ, ಅಕಿ ಚಿಂತಿ ಬಿಡು" ಎಂದು ಅಳುತ್ತಿದ್ದ. ನನಗೆ ಏನಾಯಿತೋ, ಎಲ್ಲರ ಮುಂದೆ, "ಅದು ಕಾಗಿ ಅಣ್ಣಾ, ಅವ್ವ ಅಲ್ಲ. ಹಸಿವಾದರ ಬರ್ತದ" ಎಂದುಬಿಟ್ಟೆ. ಯಾರೋ ಕಿಸಕ್ಕನೆ ನಕ್ಕರು. ಅಣ್ಣ ನನ್ನ ಕಡೆ ತಿರುಗಿ, "ನೀ ಹೋಗು" ಎಂದ. ನಾನು ಹೋದೆ. ಆಮೇಲೆ ಅವನೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಆಳಂದದಿಂದ ಕೊಳಕೂರಕ್ಕೆ ಕಲಬುರಗಿಯಲ್ಲಿ ಬಸ್ಸು ಬದಲಿಸಿದರೆ ಆಯಿತು, ಅರ್ಧ ದಿನದ ದಾರಿ ಕೂಡ ಅಲ್ಲ.

ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಹಗಲು ರಾತ್ರಿ ಸಮವಾಗುವ ದಿನ ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ಮಕ್ಕಳಿಗೆ ಅದರ ನೆರಳು ತೋರಿಸುತ್ತೇನೆ. ಆ ದಿನ ನೆರಳಿನ ತುದಿ ಬೆಳಗಿನಿಂದ ಸಂಜೆಯವರೆಗೆ ಒಂದೇ ನೇರ ಗೆರೆಯಲ್ಲಿ ಸಾಗುತ್ತದೆ. ಆ ವರ್ಷ ಅದು ರಜೆಯ ದಿನ ಬಂತು. ಮಕ್ಕಳಿಲ್ಲ, ಮನೆಯಲ್ಲಿ ನಾನೊಬ್ಬಳೇ. ಒಂದು ವಾರ ಮೊದಲು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಯಾವುದೋ ದೂರದ ದೇಶದ ಹೆಂಗಸು ಅದೇ ದಿನಕ್ಕೆಂದು ಮನೆಯ ಮೂಲೆಯಲ್ಲಿ ಪುಟ್ಟ ಗದ್ದುಗೆ ಮಾಡಿದ್ದಳು. ಕಲ್ಲು, ಮೊಳಕೆ, ಹೂವು, ಒಂದು ಬಟ್ಟಲು ನೀರು, ಅಷ್ಟೇ. ಮಂತ್ರವಿಲ್ಲ, ಪೂಜಾರಿ ಇಲ್ಲ, ದೇವರ ಹೆಸರೂ ಇಲ್ಲ. ಭೂಮಿಗೆ, ಸೂರ್ಯನಿಗೆ ಒಂದು ನಮಸ್ಕಾರ. ಇದಾದರೆ ನನ್ನ ವಿಜ್ಞಾನಕ್ಕೂ ಅಡ್ಡಿಯಿಲ್ಲ ಎನ್ನಿಸಿತು. ನಿಜ ಹೇಳಬೇಕೆಂದರೆ, ಒಂಟಿತನಕ್ಕೆ ಏನಾದರೂ ಕೆಲಸ ಬೇಕಾಗಿತ್ತು.

ದಸರೆಗೆ ಘಟ ಹಾಕುವ ಹಾಗೆ ಮಣ್ಣಿನ ತಟ್ಟೆಯಲ್ಲಿ ಜೋಳ ಬಿತ್ತಿದೆ. ಸಹೋದ್ಯೋಗಿಗಳ ಜೊತೆ ಘತ್ತರಗಿಗೆ ಹೋದಾಗ ಭೀಮಾ ನದಿಯ ದಂಡೆಯಿಂದ ತಂದ ಐದು ಕಲ್ಲು ಕಿಟಕಿಯಲ್ಲಿ ಸುಮ್ಮನೆ ಬಿದ್ದಿದ್ದವು. ಅವನ್ನು ತೊಳೆದು, ಚೆಂದ ಕಾಣಲಿ ಎಂದು ಸುಣ್ಣ ಹಚ್ಚಿದೆ. ಮಾಳಿಗೆಯ ಮೇಲೆ ಒಂದು ಮಣೆ ಹಾಕಿ ಕಲ್ಲುಗಳನ್ನು ಸಾಲಾಗಿ ಇಟ್ಟು, ಬೇವಿನ ಹೂವು, ಮುತ್ತಲದ ಹೂವು ಏರಿಸಿ, ಜೋಳದ ಸಸಿಯ ತಟ್ಟೆ, ಒಂದು ಚರಿಗೆ ನೀರು, ಒಂದು ಬಟ್ಟಲು ಅಂಬಲಿ ಇಟ್ಟೆ. ಎದ್ದು ನಿಂತು ನೋಡಿದರೆ ನನಗೇ ನಗು ಬಂತು. ಪರದೇಶದ ಗದ್ದುಗೆ ಮಾಡಲು ಹೋಗಿ ನಮ್ಮ ಹೊಲದ ಪಾಂಡವರನ್ನು ಕೂಡಿಸಿಬಿಟ್ಟಿದ್ದೆ. ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಹೊಲದಲ್ಲಿ ಹೀಗೇ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡುತ್ತಾರೆ.

ಕೆಳಗಿನ ಮನೆಯ ಮಾಲಕಿ ಕಾಕು ಒಣ ಹಾಕಿದ ಮೆಣಸಿನಕಾಯಿ ತೆಗೆದುಕೊಳ್ಳಲು ಬಂದವರು ಮೂಗಿನ ಮೇಲೆ ಬೆರಳಿಟ್ಟರು. "ಏನ್ರಿ ಟೀಚರ್, ಎಳ್ಳಮಾಸಿ ಆಗಿ ಎಷ್ಟ ದಿನ ಆತು! ಈಗ ಪಾಂಡವರ್ನ ಕುಂಡರ್ಸೀರಿ?" ಎಂದರು. "ಪೂಜಿ ಅಲ್ರಿ ಕಾಕು, ಸುಮ್ನ ಇಟ್ಟೇನಿ" ಎಂದೆ. "ಸುಮ್ನ ಯಾರರ ಇಡ್ತಾರೇನ್ರಿ!" ಎಂದು ನಗುತ್ತ ಮೆಣಸಿನಕಾಯಿ ಗಂಟು ಕಟ್ಟಿಕೊಂಡು ಇಳಿದು ಹೋದರು.

ಇಲ್ಲಿ ಒಂದು ಮಾತು ಹೇಳಬೇಕು. ಎಳ್ಳ ಅಮಾವಾಸ್ಯೆಯ ದಿನ ಪೂಜೆಯಾದ ಮೇಲೆ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಅಡುಗೆಯ ಒಂದಿಷ್ಟು ಪಾಲನ್ನು ಭೂಮಿತಾಯಿಗೆಂದು ಪೈರಿನ ಮೇಲೆ ಎರಚುತ್ತ ಒಬ್ಬರು ಮುಂದೆ ನಡೆಯುತ್ತಾರೆ. ಅವರು "ಹುಲ್ಲುಲ್ಲಿಗೋ" ಎಂದು ಕೂಗಬೇಕು. ನೀರು ಚಿಮುಕಿಸುತ್ತ ಹಿಂದೆ ಬರುವವರು "ಸುರಾಂಬ್ಲಿಗೋ" ಎಂದು ಜವಾಬು ಕೊಡಬೇಕು. ಒಬ್ಬರಿಂದ ಆಗುವ ಕೆಲಸವೇ ಅಲ್ಲ ಅದು. ನಮ್ಮ ಮನೆಯಲ್ಲಿ ಹಟ ಮಾಡಿ ನಾನೇ ಮುಂದೆ ಹೋಗುತ್ತಿದ್ದೆ. ಅಣ್ಣ ಯಾವಾಗಲೂ ಹಿಂದೆ. ಪ್ರತಿ ಸಲ ಒಮ್ಮೆ ಕೆಮ್ಮಿ ಗಂಟಲು ಸರಿ ಮಾಡಿಕೊಂಡು, ಆಮೇಲೆ ಕೂಗಿ, ಕೊನೆಯ ಅಕ್ಷರವನ್ನು ಉಸಿರು ಮುಗಿಯುವವರೆಗೆ ಎಳೆಯುತ್ತಿದ್ದ. ನಾನು ಅದನ್ನು ಅಣಕಿಸಿ ಅಣಕಿಸಿ ಅವನಿಂದ ಬೈಸಿಕೊಳ್ಳುತ್ತಿದ್ದೆ.

ಹೊತ್ತು ಮುಳುಗುತ್ತಿತ್ತು. ನಾನು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದೆ. ಬಟ್ಟಲಿನ ಅಂಬಲಿಯಲ್ಲಿ ಬೆರಳು ಅದ್ದಿ ನಾಲ್ಕು ದಿಕ್ಕಿಗೆ ಒಂದೊಂದು ಹನಿ ಸಿಡಿಸೋಣ ಎಂದುಕೊಂಡೆ. ಮೊದಲ ಹನಿ ಸಿಡಿಸಿದ್ದೇ ತಡ, ಹಳೆಯ ಅಭ್ಯಾಸಕ್ಕೆ ಬಾಯಿ ತಾನೇ ತೆರೆದು "ಹುಲ್ಲುಲ್ಲಿಗೋ" ಎಂದಿತು. ಜೋರಾಗಿ ಅಲ್ಲ, ಪಕ್ಕದಲ್ಲಿದ್ದವರಿಗೆ ಕೇಳುವಷ್ಟು.

ಹಿಂದೆ ಯಾರೋ ಕೆಮ್ಮಿದರು. ಆಮೇಲೆ "ಸುರಾಂಬ್ಲಿಗೋ" ಎಂದು ಜವಾಬು ಬಂತು.

ಹತ್ತು ಹೆಜ್ಜೆ ಹಿಂದಿನಿಂದ, ನಡೆಯುವ ಮನುಷ್ಯನ ಎತ್ತರದಿಂದ. ಕೊನೆಯ ಅಕ್ಷರ ಉಸಿರು ಮುಗಿಯುವವರೆಗೆ ಎಳೆದಿತ್ತು. ತಿರುಗಿ ನೋಡಿದೆ. ನೀರಿನ ಟಾಕಿ, ಬಟ್ಟೆ ಒಣಗಿಸುವ ತಂತಿ, ಅದರಾಚೆ ಮಾಳಿಗೆಯ ಗೋಡೆ. ಓಡಿ ಹೋಗಿ ಗೋಡೆಯ ಮೇಲಿಂದ ಬೀದಿಗೆ ಬಗ್ಗಿ ನೋಡಿದೆ, ಟಾಕಿಯ ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಕಾಕು ಕೂಗಿದರು: "ಟೀಚರ್, ಮ್ಯಾಲ ಯಾರ ಬಂದಾರ್ರಿ? ಗಂಡಸರ ದನಿ ಕೇಳಿದಂಗಾತು."

ನನ್ನ ಕಿವಿಯದೇ ತಪ್ಪು ಎಂದು ಹೇಳಿಕೊಳ್ಳುವ ದಾರಿಯೂ ಅಲ್ಲಿಗೆ ಮುಚ್ಚಿತು. "ಯಾರೂ ಇಲ್ರಿ, ಮೊಬೈಲ್" ಎಂದೆ. ಹೆದರಿಕೆಯಾಯಿತು ಎಂದರೆ ಸುಳ್ಳಾಗುತ್ತದೆ. ಆರು ವರ್ಷದ ಮೇಲೆ ಅಣ್ಣನ ದನಿ ಕೇಳಿ ನನಗೆ ಅಳು ಬಂದಿತ್ತು. ಮಾಳಿಗೆಯ ಮೇಲೆ ಕತ್ತಲಾಗುವವರೆಗೆ ಕೂತು ಅತ್ತೆ. ಅವನಿಗೆ ಏನಾದರೂ ಆಗಿರಬಹುದೇ ಎಂಬ ದಿಗಿಲೂ ಹುಟ್ಟಿತು. ಹೀಗಿದ್ದೂ ಫೋನ್ ಮಾಡಲಿಲ್ಲ. ನಾನು ಅಂಥವಳು.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಫೋನ್ ಬಂತು. ಅಣ್ಣನದೇ.

"ನಿನ್ನಿ ಸಂಜೀಕ ನೀ ಊರಿಗಿ ಬಂದಿದ್ದೇನ?" ಎಂದ. ಹೇಗಿದ್ದೀ ಎಂದೂ ಕೇಳಲಿಲ್ಲ.

"ಇಲ್ಲಲ್ಲ, ಯಾಕ?"

"ಹೊಲದಾಗ ಹತ್ತಿ ಕಟಗಿ ಕೀಳಾಕತ್ತಿದ್ದೆ. ಹೊತ್ತ ಮುಣಗೂ ಮುಂದ ನೀ ಹುಲ್ಲುಲ್ಲಿಗೋ ಅಂದಂಗಾತು, ಅಗದಿ ಮುಂದಿಂದ. ನಾ ಜವಾಬ ಕೊಟ್ಟೇ ಬಿಟ್ಟೆ. ಆಳಮಂದಿ ನಗಾಕತ್ತಿದ್ರು." ಆಮೇಲೆ ಕೇಳಿದ, "ಖರೇ ಹೇಳು ತಂಗಿ. ನೀ ಎಲ್ಲೇ ಇರು, ನಿನ್ನಿ ಕೂಗಿದ್ದೇನು?"

ನಾನು ಆ ಕ್ಷಣದಲ್ಲಿ ಏನು ಯೋಚಿಸಿದೆ ಎಂದು ನಿಮಗೆ ಮುಚ್ಚಿಡುವುದಿಲ್ಲ. ಹೌದು ಎಂದರೆ, ಕಾಗೆಯ ಮುಂದೆ ಕೈ ಮುಗಿದು ನಿಂತವನದೇ ಸರಿಯಾಗುತ್ತದೆ. ಹೌದು ಎಂದರೆ, ಅವತ್ತು ಅವ್ವ ಕಾಗೆಯಾಗಿ ಬಾರದೇ ಕಾಯಿಸಿದ್ದು ನನ್ನ ಬಗೆಗಿನ ಚಿಂತೆಗೇ ಆಗಿರಬಹುದು, ಅವಳ ಮುಖಕ್ಕೇ ನಾನು ಆ ಮಾತು ಹೇಳಿರಬಹುದು. ಅದನ್ನು ಹೊರುವ ಶಕ್ತಿ ನನಗಿರಲಿಲ್ಲ.

"ಇಲ್ಲ. ನಾ ಯಾಕ ಕೂಗ್ಲಿ?" ಎಂದೆ.

"ಹಂಗೇನ್. ಆತ್ ಬಿಡು. ನಾಷ್ಟಾ ಮಾಡೀದೇನು?"

"ಹೂಂ."

ಫೋನ್ ಇಟ್ಟ. ಅದೇ ಕೊನೆ, ಮತ್ತೆ ಅವನು ಫೋನ್ ಮಾಡಲಿಲ್ಲ.

ಇದಾಗಿ ನಾಲ್ಕು ವರ್ಷವಾಯಿತು. ಎರಡು ಕಡೆ ಒಂದೇ ಹೊತ್ತಿಗೆ ಇಬ್ಬರಿಗೆ ಒಂದೇ ನೆನಪು ಬಂದಿರಬಹುದು, ಕಾಕುಗೆ ಬೀದಿಯ ದನಿ ಕೇಳಿರಬಹುದು ಎಂದು ನನಗೆ ನಾನೇ ಎಷ್ಟೋ ಸಲ ಪಾಠ ಮಾಡಿಕೊಂಡಿದ್ದೇನೆ. ಅಂಥ ಪಾಠವನ್ನು ನನ್ನ ಒಂಬತ್ತನೇ ಇಯತ್ತೆಯ ಮಕ್ಕಳೂ ಒಪ್ಪುವುದಿಲ್ಲ. ಹೋಗಿ ನಿಜ ಹೇಳೋಣ ಎಂದು ಎರಡು ಸಲ ಕಲಬುರಗಿಯವರೆಗೆ ಹೋಗಿ, ಜೇವರ್ಗಿ ಬಸ್ಸು ಹತ್ತದೆ ಹೊರಳಿ ಬಂದಿದ್ದೇನೆ.

ಕಳೆದ ತಿಂಗಳು ಆಳಂದದ ಬಸ್ ನಿಲ್ದಾಣದಲ್ಲಿ ನಮ್ಮೂರಿನ ಹಳೆಯ ಗೆಳತಿ ಸಿಕ್ಕಿದ್ದಳು. ಅಣ್ಣನ ಸುದ್ದಿ ಕೇಳಿದೆ. "ಆರಾಮ ಅದಾನ. ಖರೇ ಎಳ್ಳಮಾಸಿಗಿ ಮಾತ್ರ ಏನೋ ಹುಚ್ಚರಂಗ ಮಾಡ್ತಾನ ನೋಡು. ಯಾರ್ನೂ ಮುಂದ ಹೋಗಾಕ ಬಿಡಂಗಿಲ್ಲ. ನೀರಿನ ಚರಗಿ ಹಿಡಕೊಂಡು ಒಬ್ಬಾವನ ನಿಂತು ಕಿವಿಗೊಟ್ಟು ಕೇಳ್ತಾನ. ಎಷ್ಟೋ ಹೊತ್ತ ಆದಮ್ಯಾಲ ಜವಾಬ ಕೊಟ್ಟು ಮುಂದ ನಡೀತಾನ" ಎಂದಳು.

ಅವನು ಏನನ್ನು ಕೇಳಿ ಜವಾಬು ಕೊಡುತ್ತಾನೋ ನನಗೆ ಗೊತ್ತಿಲ್ಲ. ಆ ದಿನ ನಾನು ಆಳಂದದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಇರುತ್ತೇನೆ. ನಾನು ಕೂಗಿರುವುದಿಲ್ಲ.